ಕಿತ್ತಳೆ ಮುದ್ದೆ

ನವೆಂಬರ್ ೨೩

ಮಧ್ಯಾಹ್ನ ಮಾವಿನ ಮರದ ಕೆಳಗೆ ಕೂತಲ್ಲೇ ಜೊಂಪು ಹತ್ತಿತು. ಕನಸಿನಲ್ಲಿ ನನ್ನ ಒರಳು ತಾನೇ ತಾನಾಗಿ ಕುಟ್ಟಿಕೊಳ್ಳುತ್ತಿತ್ತು. ಹಿಟ್ಟು ಮೇಲೆದ್ದು ಅಂಗಳವೆಲ್ಲ ತುಂಬಿತು, ನಾನು ಅದರೊಳಗೆ ನಡೆದು ಹೋಗುತ್ತಿದ್ದೆ. ಎಷ್ಟು ಹೋದರೂ ಬಿಳುಪೇ ಬಿಳುಪು, ಕಾಲಿಗೆ ನೆಲ ತಾಗುತ್ತಿರಲಿಲ್ಲ. ಹಿತವಾಗಿತ್ತು. ಅಷ್ಟರಲ್ಲಿ ಯಾರೋ "ದೊಡ್ಡಮ್ಮಾ" ಎಂದು ಕೂಗಿ ಎಲ್ಲ ಹಾಳು ಮಾಡಿದರು.

ಕಣ್ಣು ಬಿಟ್ಟರೆ ಮ್ವೆವಾ, ತೀರಿಕೊಂಡ ನನ್ನ ತಂಗಿಯ ಮಗಳು. ಕಿಟ್ವೆ ಪಟ್ಟಣದಿಂದ ಬಸ್ಸಿನಲ್ಲಿ ಬಂದಿದ್ದಾಳೆ. ಪಕ್ಕದಲ್ಲಿ ಅವಳ ಮಗಳು ಲೊಂಬೆ, ಏಳು ವರ್ಷದ್ದು, ಕಡ್ಡಿಯಂಥ ಕಾಲು, ಮೊಣಕಾಲಿನ ತುಂಬ ಗಾಯದ ಕಲೆ.

"ಇವಳು ಸ್ವಲ್ಪ ದಿನ ನಿನ್ನ ಹತ್ರ ಇರಲಿ ದೊಡ್ಡಮ್ಮ. ಹೊತ್ತು ಮುಳುಗಿದ್ರೆ ಕಣ್ಣು ಕಾಣಲ್ಲ ಇವಳಿಗೆ. ನಾನು ಸಂತೇಲಿ ಹಳೇ ಬಟ್ಟೆ ಮಾರಿ ಮನೆ ಸೇರೋಷ್ಟರಲ್ಲಿ ಕತ್ತಲಾಗಿರುತ್ತೆ. ಮೊನ್ನೆ ಮಿನಿಬಸ್ಸಿನ ಚಕ್ರದಿಂದ ಒಂದು ಗೇಣಲ್ಲಿ ಉಳ್ಕೊಂಡಳು. ಕಣ್ಣು ಸರಿಹೋಗಲಿ, ಆವತ್ತೇ ಬಂದು ಕರ್ಕೊಂಡು ಹೋಗ್ತೀನಿ."

"ನಾನೇನು ಕಣ್ಣಿನ ಡಾಕ್ಟರೇನೇ?"

"ಊರಿನ ಹೆಣ್ಣುಮಕ್ಕಳನ್ನೆಲ್ಲ ತಿದ್ದಿ ಗಂಡನ ಮನೆಗೆ ಕಳಿಸೋ ನಚಿಂಬೂಸ ನೀನು. ನನ್ನ ಮಗಳೊಬ್ಬಳು ನಿನಗೆ ಭಾರ ಆದಳಾ?"

ಈ ಊರಿನ ಅರ್ಧ ಮದುವಣಗಿತ್ತಿಯರಿಗೆ ಸಂಸಾರ ಕಲಿಸಿದ ಬಾಯಿ ನನ್ನದು, ಮ್ವೆವಾಳಿಗೆ ಮಾತ್ರ "ಆಯ್ತು, ಬಿಟ್ಟು ಹೋಗು" ಎಂದುಬಿಟ್ಟಿತು. ಅವಳು ಅದೇ ಬಸ್ಸಿಗೆ ಹಿಂದಿರುಗಿದಳು. ಆ ಹುಡುಗಿ ಅಳಲೂ ಇಲ್ಲ, ಕೈ ಬೀಸಲೂ ಇಲ್ಲ. ಗಂಡ ಹೋದ ಮೇಲೆ ಒಬ್ಬಳೇ ನೆಮ್ಮದಿಯಾಗಿದ್ದೆ. ಹೋಗುವ ಮಾರಿಯನ್ನು ಮನೆಗೆ ಕರೆದಂತಾಯಿತು.

ನವೆಂಬರ್ ೨೯

ಆ ಹುಡುಗಿ ಸೊಪ್ಪು ತಿನ್ನುವುದಿಲ್ಲ. ಕುಂಬಳದ ಎಲೆಯನ್ನು ಶೇಂಗಾ ಪುಡಿ ಹಾಕಿ ಬೇಯಿಸಿ ಕೊಟ್ಟೆ, ಎರಡು ತುತ್ತಿಗೆ ಕಕ್ಕಿದಳು. ಮರಗೆಣಸಿನ ಎಲೆ ಕೊಟ್ಟೆ, ಅದೂ ಅಷ್ಟೆ. ಮಾವಿನ ಹಣ್ಣಾದರೂ ತಿನ್ನಿಸೋಣವೆಂದರೆ ಈ ವರ್ಷ ಗಾಳಿಗೆ ಹೂವೇ ಉದುರಿ ಊರಿನ ಒಂದು ಮರದಲ್ಲೂ ಕಾಯಿಲ್ಲ. ಅವಳು ತಿನ್ನುವುದೆಲ್ಲ ಬಿಳಿ ಮುಸುಕಿನ ಜೋಳದ ಮುದ್ದೆ. ಉಪ್ಪುನೀರಿಗೆ ಅದ್ದಿ ಅದ್ದಿ ಎಷ್ಟಾದರೂ ತಿನ್ನುತ್ತಾಳೆ.

"ಪಟ್ಟಣದಲ್ಲಿ ಏನು ತಿಂತಿದ್ದೆ?"

"ಬನ್ನು. ಚಹಾ."

"ಆಮೇಲೆ?"

"ಮುದ್ದೆ."

ಸಂಜೆ ಅಂಗಳದಲ್ಲಿ ಅವಳ ಮುಂದೆ ಕೂತು ಕೈ ಎತ್ತಿ ಹಿಡಿದೆ. "ಎಷ್ಟು ಬೆರಳು ಹೇಳು ನೋಡೋಣ."

ಅವಳು ಗೋಡೆಯ ಕಡೆ ತಿರುಗಿ, "ಅಜ್ಜೀ, ಎಲ್ಲಿದ್ದೀಯಾ?" ಎಂದಳು.

ನಾನು ಕೈಗೆಟುಕುವಷ್ಟು ಹತ್ತಿರದಲ್ಲಿದ್ದೆ. ಆಕಾಶದಲ್ಲಿ ಇನ್ನೂ ಕೆಂಪು ಇತ್ತು, ನನಗೆ ಬೇಲಿಯ ಮುಳ್ಳೂ ಕಾಣುತ್ತಿತ್ತು. ಅವಳಿಗೆ ಮಾತ್ರ ಯಾರೋ ಹೊದಿಕೆ ಮುಚ್ಚಿಬಿಟ್ಟಿದ್ದರು. ಎದ್ದು ಕೈಹಿಡಿದು ಒಳಗೆ ತಂದು ಮಲಗಿಸಿದೆ.

ಡಿಸೆಂಬರ್ ೩

ಆಸ್ಪತ್ರೆಗೆ ನಡೆದುಕೊಂಡು ಹೋದೆವು. ಸಿಸ್ಟರ್ ಎನ್ಗೋಸಾ ಹುಡುಗಿಯ ರೆಪ್ಪೆ ಎಳೆದು ಟಾರ್ಚು ಬಿಟ್ಟು ನೋಡಿದಳು. ಈ ಸಿಸ್ಟರ್ ನನ್ನ ಹತ್ತಿರವೇ ಸಂಸಾರದ ಪಾಠ ಕಲಿತವಳು, ಈಗ ನನಗೇ ಪಾಠ ಹೇಳುತ್ತಾಳೆ.

"ಅಮ್ಮ, ಇದು ಇರುಳುಗಣ್ಣು. ತಿನ್ನೋ ಊಟದಲ್ಲಿ ಎ ಜೀವಸತ್ವ ಇಲ್ಲ ಅಂದ್ರೆ ಹೀಗೇ. ಹೀಗೇ ಬಿಟ್ರೆ ಕಣ್ಣು ಒಣಗುತ್ತೆ, ಆಮೇಲೆ ಹಗಲೂ ಕಾಣಲ್ಲ. ಗುಳಿಗೆ ಇತ್ತು, ಮುಗಿದಿದೆ. ಮಳೆಗೆ ಸೇತುವೆ ಕೊಚ್ಚಿಹೋಗಿದೆ, ಯಾವಾಗ ಬರುತ್ತೋ ಹೇಳಕ್ಕಾಗಲ್ಲ."

"ಸೊಪ್ಪು ಮುಟ್ಟಲ್ವಲ್ಲ ಈ ಮಹಾರಾಣಿ. ಬರೀ ಮುದ್ದೆ."

"ಹಾಗಾದ್ರೆ ಮುದ್ದೇಲೇ ಕೊಡಿ." ಬೀರುವಿನಿಂದ ಒಂದು ಪೊಟ್ಟಣ ತೆಗೆದಳು. ಕೈಗೆ ಸುರಿದಳು. ಜೋಳದ ಕಾಳು, ಆದರೆ ಎಂಥ ಬಣ್ಣ! ಕಿತ್ತಳೆ ಸಿಪ್ಪೆಯಂಥದ್ದು. "ಹೊಸ ತಳಿ. ಕಣ್ಣಿಗೆ ಬೇಕಾದ್ದು ಕಾಳಲ್ಲೇ ಇದೆ. ಬೇಸಾಯದ ಇಲಾಖೆಯವರು ಕೊಟ್ಟಿದ್ದು. ಬಿತ್ತಿ, ಕುಟ್ಟಿ, ಇದರದ್ದೇ ಮುದ್ದೆ ಮಾಡಿ. ಬಿಳಿ ಜೋಳದಿಂದ ದೂರ ಬಿತ್ತಬೇಕು, ಮರೀಬೇಡಿ."

ನಾನು ಕೈ ಹಿಂದೆಳೆದುಕೊಂಡೆ. "ಲಾರಿ ಜೋಳ!"

"ಅಲ್ಲಮ್ಮ, ಅದು ಬೇರೆ, ಇದು ಬೇರೆ."

ಬೇರೆಯಂತೆ. ಅವಳು ಹುಟ್ಟಿದ್ದೇ ಆಮೇಲೆ, ಅವಳಿಗೇನು ಗೊತ್ತು. ನಾನು ಹೊಸದಾಗಿ ಮದುವೆಯಾದ ವರ್ಷ ಮಳೆ ಕೈಕೊಟ್ಟಿತು. ದೂರದ ದೇಶದಿಂದ ಲಾರಿಗಟ್ಟಲೆ ಹಳದಿ ಜೋಳ ಬಂತು. ಹುಳು ಬಿದ್ದದ್ದು, ಮುಗ್ಗಲು ವಾಸನೆಯದು. ಮದುವೆಯ ಬಟ್ಟೆ ಇನ್ನೂ ಹೊಸದಾಗಿದ್ದಾಗಲೇ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದೇನೆ. ಹಳದಿ ಮುದ್ದೆ ಅಂದರೆ ನಮ್ಮಲ್ಲಿ ಭಿಕ್ಷೆ. ಅತಿಥಿಗೆ ಇಟ್ಟರೆ ಅವಮಾನ ಮಾಡಿದಂತೆ.

ಪೊಟ್ಟಣ ತಂದೆ. ಹೊದಿಕೆಯ ಮಡಿಕೆಯಲ್ಲಿ ಮುಚ್ಚಿಕೊಂಡೇ ತಂದೆ.

ಡಿಸೆಂಬರ್ ೭

ಬೆಳಿಗ್ಗೆ ಮಂಜಿನಲ್ಲೇ ಹೋಗಿ ಬಿತ್ತಿ ಬಂದೆ. ದೂರ ಬಿತ್ತು ಎಂದಳು ಸಿಸ್ಟರ್. ದೂರ ಎಂದರೆ ದಾರಿಯ ಪಕ್ಕದ ಜಮೀನು, ಊರಿನ ಕಣ್ಣೆಲ್ಲ ಬೀಳುವ ಜಾಗ. ನಾನೇನು ದಡ್ಡಿಯೇ? ಹೊಲದ ನಟ್ಟನಡುವೆ ಹನ್ನೆರಡು ಸಾಲು ಕಿತ್ತಳೆ ಬಿತ್ತಿ, ಸುತ್ತಲೂ ನನ್ನ ಬಿಳಿ ಜೋಳ ಬಿತ್ತಿದೆ. ಬಿಳಿ ಆಳೆತ್ತರ ಬೆಳೆದ ಮೇಲೆ ಒಳಗೇನಿದೆ ಎಂದು ಯಾರಿಗೂ ಕಾಣದು. ಆಚೆ ಬದುವಿನ ಹೊಲ ನನ್ನ ನಾದಿನಿ ಬೆಸಾಳದ್ದು, ಅವಳಿಗಂತೂ ಸುಳಿವೂ ಸಿಗಬಾರದು. ಬೆಸಾಳಿಗೆ ಗೊತ್ತಾದರೆ ಚರ್ಚಿನ ಗಂಟೆ ಬಾರಿಸುವುದೇ ಬೇಡ.

ಹುಡುಗಿ ಕಾಳು ಹಾಕಿದಳು, ನಾನು ಮಣ್ಣು ಮುಚ್ಚಿದೆ. ಪರವಾಗಿಲ್ಲ, ಹಗಲಿನಲ್ಲಿ ಕೈ ಚುರುಕು.

ಜನವರಿ ೧೭

ಮಳೆ, ಮಳೆ. ಕಣಜದಲ್ಲಿ ತಳ ಕಾಣುತ್ತಿದೆ. ಈ ತಿಂಗಳು ಯಾವಾಗಲೂ ಹೀಗೆಯೇ, ಹೊಟ್ಟೆ ಖಾಲಿಯಾದಷ್ಟೂ ಕನಸು ಜಾಸ್ತಿ. ನಿನ್ನೆ ನನ್ನ ಗಂಡ ಕನಸಿಗೆ ಬಂದಿದ್ದ. ಹೊಲದ ನಡುವೆ ನಿಂತು ಒಂದು ಗಿಡದ ಎಲೆಯನ್ನು ಕಿವಿಗೆ ಹಿಡಿದು ಕೇಳುತ್ತಿದ್ದ. "ಏನಂತೆ?" ಎಂದೆ. "ಶ್, ಬೆಳೀತಾ ಇದೆ" ಎಂದ. ಬದುಕಿದ್ದಾಗ ಒಂದು ದಿನವಾದರೂ ಇಷ್ಟು ಚೆಂದ ಮಾತಾಡಿದ್ದನೇ ಆ ಮನುಷ್ಯ?

ಆಸ್ಪತ್ರೆಗೆ ಗುಳಿಗೆ ಬಂದಿತ್ತಂತೆ. ಹಾಲುಗೂಸುಗಳಿಗೇ ಸಾಲಲಿಲ್ಲ, ನಮ್ಮ ಸರದಿ ಬರಲೇ ಇಲ್ಲ.

ಸಂಜೆ ಮತ್ತೆ ಬೆರಳು ತೋರಿಸಿದೆ. ಹುಡುಗಿ ಬಹಳ ಯೋಚಿಸಿ "ನಾಲ್ಕು" ಎಂದಳು. ನಾನು ಕೈಯನ್ನೇ ಎತ್ತಿರಲಿಲ್ಲ. ನನ್ನನ್ನು ಮೆಚ್ಚಿಸಲು ಊಹೆ ಮಾಡಿದ್ದಾಳೆ. ಬೈಯಬೇಕೆಂದು ಬಾಯಿ ತೆರೆದವಳು ಅವಳ ಕೈ ಹಿಡಿದು ಒಳಗೆ ಕರೆತಂದೆ.

ಫೆಬ್ರವರಿ ೧೧

ಜೋಳ ಹೂವಿಗೆ ಬಂದಿದೆ. ಬೆಳಗಿನ ಬಿಸಿಲಿಗೆ ಹೊಲದ ಮೇಲೆಲ್ಲ ಹೂಪುಡಿ ತೇಲುತ್ತಿತ್ತು. ನಾನೂ ಮಗುವೂ ಸಾಲಿನ ನಡುವೆ ಕೂತಿದ್ದೆವು, ಕಳೆ ಕೀಳುವ ನೆಪದಲ್ಲಿ. ಪುಡಿ ಮೆಲ್ಲಗೆ ಏಳುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ಗಾಳಿ ಬಂದ ಕಡೆ ಹೋಗುತ್ತದೆ. ನನಗೂ ಹಾಗೇ ಎಲ್ಲಿಗಾದರೂ ಹೋಗಿಬಿಡೋಣ ಎನ್ನಿಸಿತು. ಲೊಂಬೆಯ ಗುಂಗುರು ಕೂದಲಿನ ತುಂಬ ಹಳದಿ ಪುಡಿ.

"ಅಜ್ಜಿ, ಇದು ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಇಲ್ಲ. ಉದುರಿ ಮಣ್ಣಾಗುತ್ತೆ."

"ಬೆಸಾ ಅಜ್ಜಿ ಹೊಲಕ್ಕೆ ಹೋಗ್ತಿದೆ ನೋಡು."

"ಹೋದ್ರೆ ಹೋಗಲಿ ಬಿಡೇ, ಅವಳೇನು ತಡೀತಾಳಾ?" ಎಂದೆ. ಇಬ್ಬರೂ ನಕ್ಕೆವು. ಆ ಬಿಸಿಲಿನಲ್ಲಿ ಎಷ್ಟು ಹೊತ್ತು ಕೂತಿದ್ದೆವೋ. ಕಳೆ ಒಂದೂ ಕೀಳಲಿಲ್ಲ.

ಮಾರ್ಚ್ ೧೪

ಹಸಿ ತೆನೆ ಸುಟ್ಟೆವು. ಕಿತ್ತಳೆಯದ್ದು ಬಿಳಿಯದಕ್ಕಿಂತ ಸಿಹಿ. ಹೇಳಬಾರದು, ಆದರೆ ಸಿಹಿ. ಮಗು ಮೂರು ತೆನೆ ತಿಂದು ನಾಲ್ಕನೆಯದಕ್ಕೆ ಕೈ ಹಾಕಿತು. ನಾನು ಮುಗ್ಗಲು ವಾಸನೆ ಹುಡುಕುತ್ತಲೇ ಇದ್ದೆ, ಸಿಗಲಿಲ್ಲ.

ಇನ್ನು ದಿನವೂ ಇದೇ.

ಏಪ್ರಿಲ್ ೨೬

ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ.

ಇವತ್ತು ಬಿಳಿ ತೆನೆ ಸುಲಿಯಲು ಕೂತೆವು. ಮೊದಲನೆಯದು ಸುಲಿದೆ, ಬಿಳಿ ಸಾಲಿನ ನಡುವೆ ಅಲ್ಲಲ್ಲಿ ಹಳದಿ ಕಾಳು. ಎರಡನೆಯದರಲ್ಲಿ ಇನ್ನೂ ಹೆಚ್ಚು. ಬುಟ್ಟಿಗಟ್ಟಲೆ ಸುಲಿದೆ, ಒಂದೇ ಒಂದು ತೆನೆ ಶುದ್ಧ ಬಿಳಿಯದಿಲ್ಲ. ಆ ಹೂಪುಡಿ ಮಣ್ಣಿಗೆ ಉದುರಿಲ್ಲ, ನನ್ನ ಬಿಳಿ ತೆನೆಗಳ ಮೇಲೆ ಕೂತು ಪ್ರತಿಯೊಂದಕ್ಕೂ ಬಣ್ಣ ಹಚ್ಚಿದೆ. ದಾರಿ ಪಕ್ಕ ಬಿತ್ತಿದ್ದರೆ ನಾಲ್ಕು ಜನ ಆಡಿಕೊಳ್ಳುತ್ತಿದ್ದರು, ಮುಗಿಯುತ್ತಿತ್ತು. ಬಚ್ಚಿಡಲು ಹೋಗಿ ಹೊಲಕ್ಕೆ ಹೊಲವನ್ನೇ ಸಾಕ್ಷಿ ಮಾಡಿಕೊಂಡೆ.

ಇದೇ ಜೋಳ ಚಿಬೂಯೆಯ ಮದುವೆಗೆಂದು ಮಾತಾಗಿತ್ತು. ಚಿಬೂಯೆ ಊರ ಯಜಮಾನರ ಮೊಮ್ಮಗಳು. ಜೂನ್‌ನಲ್ಲಿ ಅವಳನ್ನು ಮದುವೆಯಾಗುವ ಗಂಡಿಗೆ ಒಲೆ ತೋರಿಸುವ ಊಟ, ಹೆಣ್ಣಿನ ಮನೆಯ ಅಡುಗೆಯನ್ನೆಲ್ಲ ಅವನ ಮುಂದಿಡುವ ಕಟ್ಟಳೆ. ಅಡುಗೆಯ ಯಜಮಾನಿಕೆ ನನ್ನದು, ಮುದ್ದೆಯ ಹಿಟ್ಟು ನನ್ನದು. ನನ್ನ ಹಿಟ್ಟಿನ ಬಿಳುಪು ನೋಡಿ ಗಂಡಿನ ಕಡೆಯವರು ಬಾಯಿ ಬಿಡಬೇಕು, ಅದು ಈ ಊರಿನ ಮರ್ಯಾದೆ. ನನ್ನದೂ.

ಲೊಂಬೆ ಮಾತ್ರ ತೆನೆ ಎತ್ತಿ ಹಿಡಿದು, "ಅಜ್ಜಿ, ಜೋಳ ನಗ್ತಾ ಇದೆ, ಹಲ್ಲು ಹಳದಿ" ಎಂದಳು.

ಮೇ ೨

ಬೆಸಾ ಬಂದಳು. ಕೈಯಲ್ಲಿ ಒಂದು ತೆನೆ, ಹಾವು ಹಿಡಿದಂತೆ ದೂರಕ್ಕೆ ಹಿಡಿದುಕೊಂಡು.

"ಅತ್ತಿಗೆ, ನನ್ನ ಹೊಲಕ್ಕೆ ಯಾರೋ ಮಾಟ ಮಾಡಿಸಿದ್ದಾರೆ. ನಿನ್ನ ಬದುವಿನ ಪಕ್ಕದ ಸಾಲೆಲ್ಲ ಹೀಗೇ ಹಳದಿ ಚುಕ್ಕೆ. ಒಳಗಿನ ಸಾಲು ಮಾತ್ರ ಚೆನ್ನಾಗಿದೆ."

ಮಾಟ ಎಂದು ಊರಿಗೆ ಹಬ್ಬಿದರೆ ಯಾರ ತಲೆ ಒಡೆಯುತ್ತದೋ. ಹೇಳಿಬಿಟ್ಟೆ. ಬೀಜ, ಸಿಸ್ಟರ್, ಹನ್ನೆರಡು ಸಾಲು, ಎಲ್ಲವನ್ನೂ.

ಬೆಸಾ ಸೊಂಟಕ್ಕೆ ಕೈಕೊಟ್ಟು ನಿಂತಳು. "ಲಾರಿ ಜೋಳ! ನೀನು! ಹೆಣ್ಣುಮಕ್ಕಳಿಗೆ ಬಿಳಿ ಹಿಟ್ಟಿನ ಪುರಾಣ ಹೇಳೋಳು!"

"ಮೆತ್ತಗೆ ಮಾತಾಡೇ."

"ಆ ಹುಡುಗಿಗೋಸ್ಕರವಾ? ಇವತ್ತೋ ನಾಳೆಯೋ ಅವಳವ್ವ ಬಂದು ಕರ್ಕೊಂಡು ಹೋಗೋ ಹುಡುಗಿಗೆ?"

"ಹೌದು ಕಣೇ, ಹೋದ್ರೆ ನನಗೂ ನೆಮ್ಮದಿ" ಎಂದೆ. ಆಮೇಲೆ ದಿನವಿಡೀ ಯಾವ ಕೆಲಸಕ್ಕೂ ಕೈ ಹತ್ತಲಿಲ್ಲ.

ಮೇ ೨೦

ಬೆಸಾಳ ನಾಲಿಗೆ ಉದ್ದ, ಮನಸ್ಸು ಕೆಟ್ಟದ್ದಲ್ಲ. ಇವತ್ತು ಅವಳೇ ದಾರಿ ಹೇಳಿದಳು. ಅವಳ ಒಳ ಸಾಲಿನ ಬಿಳಿ ಜೋಳ ಎರಡು ಮೂಟೆ ಕೊಡುತ್ತಾಳೆ, ಮದುವೆಯ ಊಟಕ್ಕೆ ಸಾಕು. ಬದಲಿಗೆ ನನ್ನ ಬಣ್ಣದ ಜೋಳ, ಒಂದಕ್ಕೆ ಎರಡರಂತೆ. "ಕೋಳಿಗಲ್ದೆ ಇನ್ಯಾರಿಗೆ ಹಾಕಲಿ ನಾನು ಅದನ್ನ?" ಎಂದಳು. ನನ್ನ ಹತ್ತಿರ ಇರುವುದೇ ನಾಲ್ಕು ಮೂಟೆ, ಎರಡು ಕಿತ್ತಳೆ, ಎರಡು ಚುಕ್ಕೆಯದ್ದು. ನಾಲ್ಕೂ ಹೋಗಬೇಕು. ಒಪ್ಪಿದೆ. ಮರ್ಯಾದೆ ಉಳಿಯಿತಲ್ಲ ಎಂದು ಎದೆ ಹಗುರವಾಯಿತು.

ಸೈಕಲ್ಲಿನ ಮೇಲೆ ಮೊದಲ ಮೂಟೆ ಕಟ್ಟುವಾಗ ಲೊಂಬೆ ಬಂದು ನಿಂತಳು. "ಅಜ್ಜಿ, ನಾಳೆ ಯಾವ ಮುದ್ದೆ?"

"ಬಿಳಿ ಮುದ್ದೆ. ಬೆಸಾ ಅಜ್ಜಿ ಕೊಡ್ತಾಳೆ."

"ಸರಿ" ಎಂದಳು. ಅಷ್ಟೇ ಅಂದದ್ದು. ಅಳಲಿಲ್ಲ, ಹಟ ಮಾಡಲಿಲ್ಲ. ಹಗ್ಗದ ತುದಿ ಹಿಡಿದು ಕಟ್ಟಲು ಸಹಾಯವನ್ನೂ ಮಾಡಿದಳು.

ಬದುವಿನ ತನಕ ಸೈಕಲ್ಲು ತಳ್ಳಿಕೊಂಡು ಹೋದೆ. ಅಲ್ಲಿ ನಿಂತೆ. ಗಾಳಿ ಇರಲಿಲ್ಲ, ಒಣಗಿದ ಜೋಳದ ದಂಟುಗಳು ಅಲ್ಲಾಡದೆ ನಿಂತಿದ್ದವು. ಯಾಕೋ ಮೂಟೆ ಬಹಳ ಭಾರ ಎನ್ನಿಸಿತು. ವಯಸ್ಸಾಯಿತು ನನಗೆ. ತಿರುಗಿಸಿಕೊಂಡು ಬಂದೆ.

ಬೆಸಾ ಹಿಂದಿನಿಂದ ಕೂಗಿದಳು. "ಮದುವೆ ಊಟಕ್ಕೆ ಏನು ಮಾಡ್ತೀಯಾ ಅತ್ತಿಗೆ? ಮಣ್ಣು ಬೇಯಿಸ್ತೀಯಾ?"

"ನೋಡೋಣ ಬಿಡೇ" ಎಂದೆ.

ಮೇ ೨೧

ಕಿತ್ತಳೆ ಮುದ್ದೆ. ಉಪ್ಪುನೀರು. ಮಗು ತಟ್ಟೆ ನೆಕ್ಕಿತು.

ಜೂನ್ ೨೦

ನಿನ್ನೆಯ ಊಟದ್ದು ಬರೆಯಲೇಬೇಕು, ಮೈ ಇನ್ನೂ ತೇಲುತ್ತಿದೆ.

ಚುಕ್ಕೆ ಜೋಳದ ಎರಡು ಮೂಟೆಯನ್ನೂ ಕುಟ್ಟಿಸಿದೆ. ತೌಡು ತೆಗೆದೆ, ನೆನೆಸಿದೆ, ಮತ್ತೆ ಕುಟ್ಟಿಸಿದೆ, ನನಗೆ ಬರುವ ವಿದ್ಯೆಯನ್ನೆಲ್ಲ ಮಾಡಿದೆ. ಹಿಟ್ಟು ಬೆಣ್ಣೆಯ ಬಣ್ಣಕ್ಕಿಂತ ಒಂದು ಕೂದಲೂ ಬೆಳ್ಳಗಾಗಲಿಲ್ಲ. ಮುದ್ದೆ ತೊಳಸಿದರೆ ಇನ್ನಷ್ಟು ಹಳದಿ. ಮಡಕೆ ತಲೆಯ ಮೇಲೆ ಹೊತ್ತು ಹೆಂಗಸರೆಲ್ಲ ಹಾಡುತ್ತ ಗಂಡಿನ ಮನೆಗೆ ಹೊರಟೆವು. ಬೆಸಾ ನನ್ನ ಪಕ್ಕದಲ್ಲೇ ನಡೆದಳು. "ಕಲ್ಲು ಬಿದ್ರೆ ನಿನಗೊಬ್ಬಳಿಗೇ ಬೀಳಬಾರದು ಅಂತ ಬಂದೆ" ಎಂದಳು. ಕಾಲು ನಡೆಯುತ್ತಿತ್ತು, ನಾನು ಎಲ್ಲೋ ಮೇಲಿನಿಂದ ನೋಡುತ್ತಿದ್ದೆ.

ಚಾಪೆಯ ಮೇಲೆ ಅಳಿಯ ಕೂತಿದ್ದ. ಅವನ ಹಿಂದೆ ಅವನ ಸೋದರಮಾವ, ಹಿರಿಯ, ದಪ್ಪ ಕನ್ನಡಕ. ನಾನು ಮಂಡಿಯೂರಿ ಒಂದೊಂದೇ ಮುಚ್ಚಳ ತೆಗೆದೆ. ಈ ಊಟದ ತನಕ ಅಳಿಯ ಅತ್ತೆ ಮನೆಯ ಅನ್ನ ಮುಟ್ಟುವಂತಿಲ್ಲ. ಮುಚ್ಚಳ ತೆಗೆದು ಹೆಸರು ಹೇಳಿದ್ದು ಇನ್ನು ಮೇಲೆ ಅವನಿಗೆ ಉಂಟು, ತೋರಿಸದಿದ್ದುದು ಎಂದಿಗೂ ಇಲ್ಲ.

"ಇದು ನಮ್ಮ ಮನೆಯ ಕೋಳಿ. ಇನ್ನು ನಮ್ಮ ಮನೆಯಲ್ಲಿ ನಿನಗೆ ಕೋಳಿ ಉಂಟು. ಇದು ನಮ್ಮ ಹೊಳೆಯ ಮೀನು. ಇನ್ನು ನಮ್ಮ ಮನೆಯಲ್ಲಿ ನಿನಗೆ ಮೀನು ಉಂಟು."

ಹುರುಳಿಕಾಯಿ, ಹುರಿದ ಮರಿಹುಳ, ಕುಂಬಳದ ಎಲೆ, ಎಲ್ಲ ಆಯಿತು. ಕಡೆಗೆ ದೊಡ್ಡ ಮಡಕೆ. ಮುಚ್ಚಳ ತೆಗೆದೆ. ಹಾಡು ನಿಂತಿತು.

ಸೋದರಮಾವ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ. "ಏನಮ್ಮಾ ನಚಿಂಬೂಸ, ನಮ್ಮ ಹುಡುಗನಿಗೆ ಒಲೆ ತೋರಿಸೋಕೆ ಬಂದ್ಯೋ, ಬರಗಾಲ ತೋರಿಸೋಕೆ ಬಂದ್ಯೋ?"

ಯಾರೋ ಕಿಸಕ್ಕೆಂದರು. ಚಿಬೂಯೆ ತಲೆ ತಗ್ಗಿಸಿ ಕೂತಿದ್ದಾಳೆ, ಯಜಮಾನರು ಕೋಲು ಕುಟ್ಟುತ್ತಿದ್ದಾರೆ. ಏನು ಹೇಳಬೇಕೆಂದು ಮನೆಯಿಂದ ಯೋಚಿಸಿಕೊಂಡು ಬಂದಿದ್ದು ಒಂದೂ ನೆನಪಾಗಲಿಲ್ಲ. ಬಾಯಿ ತಾನೇ ಆಡಿತು.

"ಇದು ನಮ್ಮ ಹೊಲದ ಜೋಳ. ಯಾವ ಲಾರಿಯೂ ತಂದಿದ್ದಲ್ಲ, ಯಾವ ಸಾಲಲ್ಲೂ ನಿಂತು ಬೇಡಿದ್ದಲ್ಲ. ನಮ್ಮ ಮಗುವಿನ ಕಣ್ಣಿಗೆ ಅಂತ ನಾನೇ ಬಿತ್ತಿದ್ದು. ನಾಳೆ ನಿನ್ನ ಮಕ್ಕಳು ನಮ್ಮ ಮನೆಗೆ ಬಂದ್ರೆ ಅವಕ್ಕೂ ಇದನ್ನೇ ಹಾಕ್ತೀನಿ. ಇನ್ನು ನಮ್ಮ ಮನೆಯಲ್ಲಿ ನಿನಗೆ ಈ ಮುದ್ದೆಯೂ ಉಂಟು."

ಕಟ್ಟಳೆಯ ಮಾತು ಬಾಯಿಂದ ಹೊರಬಿದ್ದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಆಗ ಮೂಲೆಯಿಂದ ಗಂಡಿನ ಮುತ್ತಜ್ಜಿ, "ನೀವು ಮಾತಾಡ್ಕೊಂಡಿರಿ, ನನಗೊಂದು ಮುದ್ದೆ ಇಡ್ರೇ. ಹಲ್ಲಿಲ್ಲದೋಳಿಗೆ ಬಣ್ಣ ಕಟ್ಕೊಂಡು ಏನಾಗ್ಬೇಕು?" ಎಂದಳು. ಅಳಿಯ ನಕ್ಕುಬಿಟ್ಟ. ಕೈ ತೊಳೆದು, ಮುದ್ದೆ ಮುರಿದು, ಉಂಡೆ ಕಟ್ಟಿ ಬಾಯಿಗಿಟ್ಟ. ಸೋದರಮಾವ ಮಾತ್ರ ಕಡೆಯ ತನಕ ಕೋಳಿಯನ್ನಷ್ಟೇ ತಿಂದ. ಅವನ ಹಣೆಬರಹ.

ಬರುವಾಗ ಚಿಬೂಯೆಯ ತಾಯಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮುಂದಿನ ಮದುವೆಗೆ ನನ್ನನ್ನು ಕರೆಯುತ್ತಾರೋ ಇಲ್ಲವೋ. ಲೊಂಬೆ ನನ್ನ ಕೈ ಹಿಡಿದುಕೊಂಡು ನಡೆದಳು. ಸಂಜೆಯಾಗಿತ್ತು.

ಜೂನ್ ೩೦

ಈಗ ಹೊತ್ತು ಮುಳುಗುವ ಮೊದಲೇ ದೀಪ ಹಚ್ಚುತ್ತೇನೆ. ಬೆಸಾ ಕೇಳಿದಳು, "ಸೀಮೆಎಣ್ಣೆ ಹೆಚ್ಚಾಯ್ತಾ?" ಎಂದು. ನನ್ನ ಎಣ್ಣೆ, ನನ್ನ ದೀಪ. ನಮ್ಮ ಕಡೆ ಜೂನ್ ಅಂದರೆ ಚಳಿಗಾಲ, ಬೇಗ ಕತ್ತಲಾಗುತ್ತದೆ, ಅದಕ್ಕೆ.

"ಹುಡುಗಿ ಕಣ್ಣು ಹೇಗಿದೆ? ಬೆರಳು ತೋರಿಸಿದ್ಯಾ?"

"ದಿನಾ ದಿನಾ ಅದೇನು ಪರೀಕ್ಷೆ? ಅವಳಿಗೂ ಬೇಜಾರಾಗುತ್ತೆ."

ಸಂಜೆ ಹೊರಗೆ ಹೋಗಬೇಕಾದರೆ ಲೊಂಬೆ ಈಗಲೂ "ಅಜ್ಜಿ, ಕೈ ಹಿಡ್ಕೋ" ಎನ್ನುತ್ತಾಳೆ. ಹಿಡಿದುಕೊಳ್ಳುತ್ತೇನೆ. ಅಂಗೈ ಯಾವಾಗಲೂ ಬೆಚ್ಚಗಿರುತ್ತದೆ ಅವಳದ್ದು.

ಜುಲೈ ೧೮

ಮ್ವೆವಾಳ ಫೋನು. ದಿಬ್ಬದ ಮೇಲೆ ಹೋದರೆ ಮಾತ್ರ ಕೇಳಿಸುತ್ತದೆ, ಅಲ್ಲೂ ಗಾಳಿ ಅರ್ಧ ಮಾತು ತಿನ್ನುತ್ತದೆ.

"ಕಣ್ಣು ಹೇಗಿದೆ ದೊಡ್ಡಮ್ಮ?"

"ಇರು, ಗಾಳಿ. ಏನಂದೆ?"

"ಲೊಂಬೆ ಕಣ್ಣು!"

"ಹಗಲು ಚೆನ್ನಾಗಿದೆ."

"ಸಂಜೆ?"

"ಕೇಳಿಸ್ತಿಲ್ಲ ಕಣೇ" ಎಂದೆ. ಕೇಳಿಸಿತ್ತು.

ಇಳಿದು ಬರುವಾಗ ಹುಲ್ಲೆಲ್ಲ ಬೆಳ್ಳಗೆ ಒಣಗಿ ಮಲಗಿತ್ತು. ಈ ಒಣಗಾಲ ಕಳೆದು ಮಳೆ ಬಂದರೆ ಈ ಸಲ ಕಿತ್ತಳೆಯನ್ನು ದಾರಿ ಪಕ್ಕದಲ್ಲೇ ಬಿತ್ತಬೇಕು. ಲೊಂಬೆ ಕಾಳು ಹಾಕಲಿ, ನಾನು ಮಣ್ಣು ಮುಚ್ಚುತ್ತೇನೆ. ಹೀಗೆಲ್ಲ ಯೋಚಿಸುತ್ತ ಮನೆಯ ದಾರಿ ದಾಟಿ ಮುಂದೆ ಹೋಗಿಬಿಟ್ಟಿದ್ದೆ.

ಆಗಸ್ಟ್ ೨

ಬಂದಿದ್ದಾಳೆ ಮ್ವೆವಾ. ಹೊಸ ಗೌನು, ಮಗಳಿಗೆ ಕೆಂಪು ಚಪ್ಪಲಿ. ಲೊಂಬೆ ಅವ್ವನ ಕುತ್ತಿಗೆಗೆ ಜೋತುಬಿದ್ದಳು. ಅದು ಸಹಜ. ಅವ್ವನಲ್ಲವೇ.

ಊಟಕ್ಕೆ ಕೂತಾಗ ಮ್ವೆವಾ ಹೇಳಿದಳು, "ನಾಳಿದ್ದು ಬಸ್ಸು. ಕಣ್ಣು ಕಂಡ್ರೆ ಕರ್ಕೊಂಡು ಹೋಗ್ತೀನಿ ದೊಡ್ಡಮ್ಮ, ಸ್ಕೂಲಿಗೆ ಹೆಸರು ಕೊಟ್ಟಿದ್ದೀನಿ. ಇವಳಿಲ್ದೆ ಮನೇಲಿ ನನಗೆ ಹೊತ್ತೇ ಹೋಗಲ್ಲ. ಇನ್ನೂ ಕಾಣಲ್ಲ ಅಂದ್ರೆ ಮಾತ್ರ ಒಂದು ವರ್ಷ ಇಲ್ಲೇ ಇರಲಿ. ಆ ರಸ್ತೆ ನೆನೆಸ್ಕೊಂಡ್ರೆ ನನಗೆ ನಡುಕ ಬರುತ್ತೆ. ನೀನೇ ಹೇಳು, ಹೇಗಿದೆ?"

"ನಾಳೆ ಸಂಜೆ ನೋಡೋಣ" ಎಂದೆ. ಲೊಂಬೆ ತಟ್ಟೆ ನೋಡುತ್ತಿದ್ದಳು.

ಮ್ವೆವಾ ಮುದ್ದೆ ಮುರಿದು, "ಇದೇನು ಬಣ್ಣ ದೊಡ್ಡಮ್ಮ?" ಎಂದು ಕೇಳಿದಳು. ಹೇಳಲು ಮನಸ್ಸಾಗಲಿಲ್ಲ.

ಆಗಸ್ಟ್ ೪

ಬೆಳಗಾಗಿದೆ. ಬಸ್ಸಿಗೆ ಇನ್ನೂ ಹೊತ್ತಿದೆ. ನಿನ್ನೆ ಸಂಜೆಯದ್ದನ್ನು ಬರೆದುಬಿಡುತ್ತೇನೆ.

ಮಧ್ಯಾಹ್ನದಿಂದ ಮ್ವೆವಾ ಒಳಗೆ ಗಂಟು ಕಟ್ಟುವುದು, ಬಿಚ್ಚುವುದು ಮಾಡುತ್ತಿದ್ದಳು. ನಾನು ಅಂಗಳದಲ್ಲಿ ಒರಳಿಗೆ ಒರಗಿ ಕೂತೆ. ಹೊತ್ತು ಇಳಿಯಿತು. ದೀಪ ಹಚ್ಚಬೇಕೆಂದುಕೊಂಡೆ, ಏಳಲಿಲ್ಲ. ಒಲೆ ಹಚ್ಚಬೇಕೆಂದುಕೊಂಡೆ, ಅದಕ್ಕೂ ಏಳಲಿಲ್ಲ. ಆಕಾಶ ಕೆಂಪಾಗಿ, ನೀಲಿಯಾಗಿ, ಬೂದಿ ಬಣ್ಣಕ್ಕೆ ತಿರುಗಿತು. ಬೇಲಿ ಕರಗಿತು, ಕಣಜ ಕರಗಿತು. ಮೈಯೆಲ್ಲ ಹಗುರ, ಅರ್ಧ ನಿದ್ದೆ. ಮ್ವೆವಾಳಿಗೆ "ಇನ್ನೂ ಮಬ್ಬು" ಎಂದರೆ ಸಾಕು, ಒಂದು ವರ್ಷ ನನ್ನದು. ಎರಡು ಪದ. ಯಾರಿಗೂ ನಷ್ಟವಿಲ್ಲ. ಹೀಗೆ ಅಂದುಕೊಳ್ಳುತ್ತಿದ್ದಾಗಲೇ ಕಣ್ಣಿನಿಂದ ನೀರು ಇಳಿಯತೊಡಗಿತು, ಸುಮ್ಮನೆ, ಸದ್ದಿಲ್ಲದೆ. ಒರೆಸಿಕೊಳ್ಳಲಿಲ್ಲ. ಆ ಕತ್ತಲಲ್ಲಿ ಯಾರು ನೋಡಬೇಕು?

"ಅಜ್ಜಿ, ಯಾಕೆ ಅಳ್ತಿದ್ದೀಯಾ?"

ಲೊಂಬೆ ಅಂಗಳದ ಆಚೆ ತುದಿಯಲ್ಲಿ, ಕಣಜದ ಹತ್ತಿರ ಕೂತಿದ್ದಳು.

"ಅಳ್ತಿಲ್ಲ ಕಣೇ. ಹೊಗೆ."

"ಒಲೆ ಹಚ್ಚೇ ಇಲ್ವಲ್ಲ ನೀನು."

ಅಂದವಳೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಎಷ್ಟು ದಿನದಿಂದ ಕಾಣುತ್ತಿತ್ತೋ ಅವಳಿಗೆ. ಎಷ್ಟು ಸಂಜೆ ಬೇಕಿಲ್ಲದೆಯೂ ನನ್ನ ಕೈ ಹಿಡಿದಿದ್ದಳೋ. ಅವಳು ಮೆಲ್ಲಗೆ ಬಂದು ನನ್ನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಪಿಸುಗುಟ್ಟಿದಳು, "ಅವ್ವನಿಗೆ ಹೇಳ್ಬೇಕಾ?"

ಒ‌ಳಗಿನಿಂದ ಮ್ವೆವಾ ಏನೋ ಹಾಡುತ್ತಿದ್ದದ್ದು ಕೇಳಿಸುತ್ತಿತ್ತು. ನನ್ನ ತಂಗಿಯ ದನಿಯೇ ಅವಳದ್ದು. ಇವಳಿಲ್ಲದೆ ಹೊತ್ತು ಹೋಗುವುದಿಲ್ಲ ಎಂದಿದ್ದಳಲ್ಲ.

ಬೇಡ ಎನ್ನಬೇಕೆಂದೇ ಬಾಯಿ ತೆರೆದೆ, ದೇವರಾಣೆ.

"ಹೇಳು" ಎಂದೆ. "ಹೋಗಿ ನೀನೇ ಹೇಳು. ಕಣ್ಣು ಕಾಣುತ್ತೆ ಅಂತ."

ಅವಳು ಎದ್ದಳು. ಆ ಕತ್ತಲಲ್ಲಿ ಅಂಗಳದ ಒಂದೊಂದು ಕಲ್ಲನ್ನೂ ಸುತ್ತಿ, ಒಂದನ್ನೂ ಎಡವದೆ, ಎಷ್ಟು ನಿಧಾನವಾಗಿ ನಡೆಯಲು ಸಾಧ್ಯವೋ ಅಷ್ಟು ನಿಧಾನವಾಗಿ ಬಾಗಿಲ ಕಡೆ ನಡೆದಳು.